ಮೊದಲ ಬೇಸಿನಲ್ಲಿ ಕಾಶವ್ವ

ಹೋದ ಮಾಘದಲ್ಲಿ ನಾವು ಕೆಲವು ನಿವೃತ್ತ ಶಿಕ್ಷಕಿಯರು ಸೇರಿ ಕೂಡಲಸಂಗಮಕ್ಕೆ ಹೊರಟಿದ್ದೆವು. ದಾರಿಯಲ್ಲಿ ಸೀರೆ ಕೊಳ್ಳಲೆಂದು ಇಳಕಲ್ಲಿನಲ್ಲಿ ಒಂದು ತಾಸು ವ್ಯಾನು ನಿಲ್ಲಿಸಿದರು. ಎಲ್ಲರೂ ಅಂಗಡಿಗೆ ನುಗ್ಗಿದರು, ನಾನೊಬ್ಬಳೇ ಹಿಂದಿನ ಓಣಿಗೆ ಇಳಿದೆ. ಒಂದು ಮನೆಯ ಮುಂದೆ, ಮಗ್ಗಕ್ಕೆ ಏರಿಸುವ ನೂಲಿನ ಹಾಸನ್ನು ಉದ್ದಕ್ಕೆ ಕಟ್ಟಿ, ಗಂಡ ಹೆಂಡತಿ ಇಬ್ಬರೂ ಅದಕ್ಕೆ ಗಂಜಿ ಹಚ್ಚಿ ಕುಂಚದಿಂದ ತೀಡುತ್ತಿದ್ದರು. ಹಸಿ ಗಂಜಿಯ ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ಕಾಲು ಮುಂದಕ್ಕೆ ಹೋಗಲಿಲ್ಲ. ಸುಮಾರು ನಲವತ್ತು ವರ್ಷದ ಹಿಂದೆ, ಈ ವಾಸನೆಯಲ್ಲೇ ಏಳುತ್ತ ಈ ವಾಸನೆಯಲ್ಲೇ ಮಲಗುತ್ತ ನಾನು ಹತ್ತು ತಿಂಗಳು ಈ ಊರಿನಲ್ಲಿದ್ದೆ.

ಎಂಬತ್ತರ ದಶಕದ ಮೊದಮೊದಲ ವರ್ಷ ಅದು. ನನಗೆ ಇಪ್ಪತ್ತನಾಲ್ಕು. ನಂಜನಗೂಡಿನ ಪಕ್ಕದ ಹಳ್ಳಿಯವಳು ನಾನು. ದೈಹಿಕ ಶಿಕ್ಷಣದ ತರಬೇತಿ ಮುಗಿಸಿದ ಕೂಡಲೇ ಇಳಕಲ್ಲಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿಗೆ ಡ್ರಿಲ್ ಟೀಚರಾಗಿ ಆದೇಶ ಬಂತು. ಅಣ್ಣನಿಗೆ ಇದು ಒಂಚೂರೂ ಇಷ್ಟವಿರಲಿಲ್ಲ. ಹೆಣ್ಣು ಹುಡುಗಿ ಅಷ್ಟು ದೂರ ಹೋಗಿ ಸೀಟಿ ಊದುವ ಕೆಲಸ ಮಾಡುವುದಾದರೆ ನನಗೆ ಕಾಗದ ಬರೆಯಬೇಡ ಎಂದಿದ್ದ. ನಾನು ಬರೆದೆ. ಅವನು ಬರೆಯಲಿಲ್ಲ. ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಅಂಚೆಯವನ ಸೈಕಲ್ಲು ದಿನವೂ ಓಣಿಯಲ್ಲಿ ಬಂದು, ನನ್ನ ಬಾಗಿಲ ಮುಂದೆ ವೇಗ ತಗ್ಗಿಸದೆ ಹಾದುಹೋಗುತ್ತಿತ್ತು.

ನಾನು ಬಂದಿಳಿದಾಗ ಜೂನ್. ನಮ್ಮ ಕಡೆ ಅಷ್ಟು ಹೊತ್ತಿಗೆ ನೆಲ ಹಸಿಯಾಗಿರುತ್ತದೆ. ಇಲ್ಲಿ ಬರೀ ಗಾಳಿ. ಬೆಳಗಿನಿಂದ ಸಂಜೆಯವರೆಗೆ ಪಡುವಣದಿಂದ ಬೀಸುವ ಗಾಳಿ, ಅದರ ತುಂಬ ಕೆಂಪು ಧೂಳು. ಮೋಡಗಳು ಬರುತ್ತಿದ್ದವು, ತಲೆಯ ಮೇಲೆ ಹಾದು ಬೇರೆ ಯಾರದೋ ಊರಿಗೆ ಹೋಗುತ್ತಿದ್ದವು. ನಾನು ಬಾಯಿ ತೆರೆದರೆ ಹುಡುಗಿಯರು ಮುಖ ಮುಖ ನೋಡಿಕೊಂಡು ನಗುತ್ತಿದ್ದರು. "ಬನ್ರಮ್ಮಾ, ಸಾಲಾಗಿ ನಿಂತ್ಕೊಳ್ಳಿ" ಎಂದು ನಾನು ಅಂದದ್ದನ್ನು ಮರುದಿನ ಯಾವಳೋ ಒಬ್ಬಳು ನನ್ನ ದನಿಯಲ್ಲೇ ಅಂದು ಇಡೀ ತರಗತಿಯನ್ನು ನಗಿಸಿದ್ದಳು.

ಬಾಡಿಗೆಗೆ ಸಿಕ್ಕಿದ್ದು ಪಾರ್ವತವ್ವ ಎಂಬವರ ಮನೆಯ ಪಕ್ಕದ ಕೋಣೆ. ಅವರ ಗಂಡ ಮನೆಯಲ್ಲೇ ಏಳೆಂಟು ಮಗ್ಗ ಇಟ್ಟು ನೇಯಿಸುತ್ತಿದ್ದರು. ನನ್ನ ಕೋಣೆಗೂ ಅವರ ಪಡಸಾಲೆಗೂ ನಡುವೆ ಒಂದು ಬಾಗಿಲಿತ್ತು. ನಾನು ಹೋದ ಮೂರನೆಯ ದಿನ ಸಂಜೆ ಆ ಬಾಗಿಲು ತೆರೆದು ಪಾರ್ವತವ್ವ ತಟ್ಟೆ ಹಿಡಿದು ಬಂದರು. ಎರಡು ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ.

"ಒಬ್ಬಾಕಿ ಏನ್ ಅಡಗಿ ಮಾಡ್ಕೋತೀರಿ, ಬಾಯಾರ. ಉಣ್ರಿ," ಅಂದರು. ಅಲ್ಲಿ ಶಿಕ್ಷಕಿಯನ್ನು ಹಾಗೆ ಕರೆಯುತ್ತಿದ್ದರು, ಬಾಯಾರು ಎಂದು.

"ಅಯ್ಯೋ, ನಿಮಗ್ಯಾಕೆ ತೊಂದರೆ."

"ತೊಂದರಿ ಏನ್ ಬಂತು. ಮನ್ಯಾಗ ಹದಿನೈದು ಮಂದಿಗೆ ರೊಟ್ಟಿ ಬಡಿತೇನಿ. ನಿಮ್ಮವೆರಡು ಹೆಚ್ಚೇನ್ರಿ?"

ಮರುದಿನವೂ ತಟ್ಟೆ ಬಂತು. ಮುಂದೆ ದಿನವೂ ಬಂತು. ನಾನು ಉಣ್ಣುವವರೆಗೆ ಅವರು ಹೊಸ್ತಿಲ ಮೇಲೆ ಕೂತು ನಮ್ಮೂರ ಸುದ್ದಿ ಕೇಳುತ್ತಿದ್ದರು. ಇಡೀ ದಿನದಲ್ಲಿ ನನ್ನನ್ನು ನನ್ನ ಬಗ್ಗೆ ಏನಾದರೂ ಕೇಳುತ್ತಿದ್ದವರು ಅವರೊಬ್ಬರೇ. ಸಂಜೆ ಆರಾಗುತ್ತಲೇ ನನ್ನ ಕಿವಿ ಆ ಬಾಗಿಲ ಕಡೆಗೇ ಇರುತ್ತಿತ್ತು.

ಶಾಲೆಯ ಉಗ್ರಾಣದಲ್ಲಿ ಒಂದು ಮರದ ಪೆಟ್ಟಿಗೆ ಬಿದ್ದಿತ್ತು. ಇಲಾಖೆಯಿಂದ ಯಾವಾಗಲೋ ಬಂದದ್ದು, ಏನೆಂದು ಗೊತ್ತಾಗದೆ ಯಾರೂ ಬಿಚ್ಚಿರಲಿಲ್ಲ. ತೆರೆದರೆ ಎರಡು ದುಂಡು ಬ್ಯಾಟು, ನಾಲ್ಕು ಚೆಂಡು, ಚೆಂಡು ಹಿಡಿಯಲು ಕೈಗೆ ತೊಡುವ ಒಂಬತ್ತು ತೊಗಲಿನ ಕೈಚೀಲ. ಸಾಫ್ಟ್‌ಬಾಲ್ ಸಾಮಾನು. ನಾನು ತರಬೇತಿಯಲ್ಲಿ ಈ ಆಟ ಕಲಿತಿದ್ದೆ. ಬೇಸ್‌ಬಾಲಿನ ತಂಗಿ ಇದು. ಒಬ್ಬಳು ಕೈ ಕೆಳಗಿನಿಂದ ಬೀಸಿ ಚೆಂಡು ಎಸೆಯುತ್ತಾಳೆ, ಇನ್ನೊಬ್ಬಳು ಹೊಡೆದು, ಚೌಕದ ನಾಲ್ಕು ಮೂಲೆಗಳಲ್ಲಿರುವ ಬೇಸುಗಳನ್ನು ಸುತ್ತಿ ಓಡಿ ಬರಬೇಕು. ಅವಳು ಮೊದಲ ಬೇಸ್ ಮುಟ್ಟುವ ಮುನ್ನ ಅಲ್ಲಿ ಕಾಯುವವಳ ಕೈಗೆ ಚೆಂಡು ಸೇರಿದರೆ ಓಡುವವಳು ಔಟ್. ಮುಖ್ಯೋಪಾಧ್ಯಾಯಿನಿ ಪೆಟ್ಟಿಗೆಯೊಳಗೆ ಇಣುಕಿ, "ಆಡಿಸ್ರಿ ಬೇಕಾದ್ರ. ಬಾಗಲಕೋಟ್ಯಾಗ ಒಂದು ಸಾಲಿ, ಬದಾಮ್ಯಾಗ ಒಂದು ಸಾಲಿ ಆಡ್ತಾವಂತ," ಎಂದರು. ಹನ್ನೆರಡು ಹುಡುಗಿಯರನ್ನು ಆರಿಸಿದೆ. ಅವರು ಇದನ್ನು ಬೇಸಾಟ ಎಂದು ಕರೆದರು.

ಪಾರ್ವತವ್ವನ ಮಗಳು ಮಾದೇವಿ ಒಂಬತ್ತನೆಯ ತರಗತಿಯಲ್ಲಿದ್ದಳು. ಎತ್ತರದ ಹುಡುಗಿ, ನಡಿಗೆಯಲ್ಲೇ ಒಂದು ಗತ್ತು. ಅವಳ ಕೈಯಿಂದ ಚೆಂಡು ಹೊರಟರೆ ಸುಯ್ಯೆಂದು ಸದ್ದು ಬರುತ್ತಿತ್ತು. ಎಸೆಯುವ ಕೆಲಸ ಅವಳದೇ ಎಂದು ಮೊದಲ ದಿನವೇ ನಿಶ್ಚಯವಾಯಿತು. ಅದೇ ತರಗತಿಯ ಕಾಶವ್ವ ಸಣ್ಣ ಕಡ್ಡಿಯಂಥವಳು, ಮಾತು ಕಡಿಮೆ. ಅವಳ ತಾಯಿ ಯಲ್ಲವ್ವ ಪಾರ್ವತವ್ವನ ಪಡಸಾಲೆಯಲ್ಲಿ ಕೂತು ಕೂಲಿಗೆ ಕಂಡಿಕೆ ಸುತ್ತುತ್ತಿದ್ದಳು, ಲಾಳಿಯಲ್ಲಿಡುವ ನೂಲಿನ ಸುರುಳಿಗಳು. ಶಾಲೆ ಬಿಟ್ಟ ಮೇಲೆ ಕಾಶವ್ವನೂ ಅಲ್ಲೇ ಕೂರುತ್ತಿದ್ದಳು. ತಿರುಗುತ್ತಿರುವಾಗಲೇ ಹರಿದ ಎಳೆಯನ್ನು ಹಿಡಿಯುವ ಬೆರಳುಗಳು ಅವಳವು. ಚೆಂಡು ಹೇಗೇ ಬರಲಿ, ಅವಳ ಕೈಯಲ್ಲಿ ಕೂರುತ್ತಿತ್ತು. ಅವಳನ್ನು ಮೊದಲ ಬೇಸಿಗೆ ನಿಲ್ಲಿಸಿದೆ.

ಜುಲೈಯ ಒಂದು ಬೆಳಿಗ್ಗೆ ಕೈಚೀಲ ಹಂಚುವಾಗ ಮಾದೇವಿ ತನ್ನದನ್ನು ಹಾಕಿಕೊಳ್ಳದೆ ನೆಲಕ್ಕೆ ಬಿಟ್ಟಳು. "ಇದನ್ನ ನಿನ್ನೆ ಕಾಶಿ ಹಾಕ್ಕೊಂಡಿದ್ಲು," ಅಂದು ಬೇರೆಯದನ್ನು ಎತ್ತಿಕೊಂಡಳು. ಹೊಲಿಗೆ ಬಿಟ್ಟಿದ್ದ ಒಂದನ್ನು ಕಾಲಿನಿಂದ ಕಾಶವ್ವನ ಕಡೆ ಸರಿಸಿದಳು. ಕಾಶವ್ವ ಬಗ್ಗಿ ತೆಗೆದುಕೊಂಡು ತನ್ನ ಜಾಗಕ್ಕೆ ಹೋದಳು. ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಸೀಟಿ ಬಾಯಲ್ಲೇ ಇತ್ತು. ಊದಲಿಲ್ಲ. ಹುಡುಗಿಯರು ಹುಡುಗಿಯರು, ಅವರೇ ಸರಿಹೋಗುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ಸಂಜೆಯೂ ತಟ್ಟೆ ಬಂತು. ಉಂಡೆ.

ಅಂದಿನಿಂದ ನನಗೆ ಕಾಣದೆ ಏನೂ ನಡೆಯಲಿಲ್ಲ. ಮೊದಲ ಬೇಸಿಗೆ ಎಸೆಯಬೇಕಾದಾಗಲೆಲ್ಲ ಮಾದೇವಿ ಬೇರೆ ಕಡೆ ಎಸೆಯುವಳು. ನಾನು ಕೂಗಿ ಹೇಳಿದರೆ ಕಾಶವ್ವನ ಎದೆಗೆ ಕಲ್ಲು ಹೊಡೆದ ಹಾಗೆ ಹೊಡೆಯುವಳು. ಉಳಿದ ಹುಡುಗಿಯರು ಎರಡು ಪಾಲಾದರು. ಮಾದೇವಿಯ ಕಡೆಯವರು ಕಾಶವ್ವ ಚೆಂಡು ಬಿಟ್ಟಾಗ ನಗುವರು, ಇನ್ನುಳಿದವರು ಮಾದೇವಿ ತಪ್ಪಿದಾಗ ನಗುವರು. ಒಬ್ಬರ ತಪ್ಪಿಗೆ ಇನ್ನೊಬ್ಬರು ಕಾಯುವ ತಂಡ ಅದು. ಓಟ ಜೋರಾಯಿತು, ಹೊಡೆತ ಸುಧಾರಿಸಿತು, ಒಳಗೆ ಮಾತ್ರ ಹುಳುಕು ಹಾಗೇ ಇತ್ತು. ನನಗದು ಗೊತ್ತಿತ್ತು.

ಮಳೆ ಕೊನೆಗೂ ಸೆಪ್ಟೆಂಬರಿನಲ್ಲಿ ಬಂತು. ಅದು ನಿಂತ ವಾರ ಬಾಗಲಕೋಟೆಗೆ ಹೋದೆವು. ಅಲ್ಲಿಯ ಹುಡುಗಿಯರು ನಮಗಿಂತ ಚೆನ್ನಾಗೇನೂ ಆಡಲಿಲ್ಲ. ಆದರೂ ಸೋತೆವು. ನಾಲ್ಕು ಸಲ ಚೆಂಡು ಮಾದೇವಿಯ ಕೈಗೇ ಬಂತು, ನಾಲ್ಕು ಸಲವೂ ಮೊದಲ ಬೇಸಿನಲ್ಲಿ ಕಾಶವ್ವ ಕೈ ಚಾಚಿ ನಿಂತಿದ್ದಳು, ನಾಲ್ಕು ಸಲವೂ ಮಾದೇವಿ ಚೆಂಡು ಹಿಡಿದುಕೊಂಡು ತಾನೇ ಓಡುವವಳನ್ನು ಅಟ್ಟಿಸಿಕೊಂಡು ಹೋದಳು. ಒಬ್ಬಳೂ ಔಟಾಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಜಗಳ ಹತ್ತಿತು. "ಯಾಕ ಚೆಂಡ ಒಗೀಲಿಲ್ಲ ಆಕಿ ಕಡೆ?" ಎಂದು ಯಾರೋ ಕೇಳಿದರು.

ಮಾದೇವಿ ದನಿ ತಗ್ಗಿಸದೆ ಹೇಳಿದಳು: "ನಮ್ಮನ್ಯಾಗ ಕಂಡಿಕಿ ಸುತ್ತಾಕಿ ಕೈಯಾಗ ನಾ ಚೆಂಡ ಕೊಡಬೇಕೇನು?"

ಬಸ್ಸು ತುಂಬ ಜನ. ಎಲ್ಲರಿಗೂ ಕೇಳಿಸಿತು. ಕಾಶವ್ವ ಕಿಟಕಿಯ ಕಡೆ ತಿರುಗಿದಳು. ನಾನು ಎದ್ದು ನಿಂತೆ. "ಸುಮ್ನಿರಿ ಎಲ್ಲರೂ," ಎಂದು ಗದರಿ ಮತ್ತೆ ಕೂತೆ. ಎಲ್ಲರೂ. ಆ ಮಾತು ಬಾಯಿಂದ ಬಿದ್ದ ಮೇಲೆ ಇಳಕಲ್ ಬರುವವರೆಗೆ ನನಗೆ ತಲೆ ಎತ್ತಲು ಆಗಲಿಲ್ಲ.

ಮರುದಿನದಿಂದ ಕಾಶವ್ವ ಮೈದಾನಕ್ಕೆ ಬರಲಿಲ್ಲ. ನಾಲ್ಕನೆಯ ದಿನ ನಾನೇ ಅವರ ಮನೆಗೆ ಹೋದೆ. ಊರ ಅಂಚಿನಲ್ಲಿ ಒಂದೇ ಕೋಣೆಯ ಮನೆ. ಯಲ್ಲವ್ವ ಗಾಬರಿಯಿಂದ ಚಾಪೆ ಹಾಸಿದಳು. "ಆಕಿ ಬರಂಗಿಲ್ಲ ಅಂತಾಳ್ರಿ. ಬಿಡ್ರಿ ಬಾಯಾರ, ನಮ್ಮಂಥವ್ರಿಗೆ ಆಟ ಯಾಕ್ರಿ," ಅಂದಳು.

"ಕಾಶವ್ವ, ನೀನು ತುಂಬ ಚೆನ್ನಾಗಿ ಹಿಡೀತೀಯ. ಬಾ. ನಾನು ಮಾದೇವಿಗೆ ಹೇಳ್ತೀನಿ," ಎಂದೆ.

ಅವಳು ಗೋಡೆಗೆ ಒರಗಿ ನಿಂತಿದ್ದಳು. ಮೊದಲ ಬಾರಿಗೆ ನನ್ನ ಮುಖ ನೆಟ್ಟಗೆ ನೋಡಿದಳು. "ಆಕಿ ಕೈಚೀಲ ಕಾಲಿಲೆ ಸರಿಸಿದ ದಿನಾನೂ ನೀವು ನೋಡಿದ್ರಿ, ಬಾಯಾರ," ಅಂದಳು. "ನೋಡಿ ಸುಮ್ಮನಾದ್ರಿ."

ಯಲ್ಲವ್ವ ಮಗಳನ್ನು ಬೈಯಲು ಹೊರಟಳು. ನಾನು ಬೇಡವೆಂದೆ. ಹುಡುಗಿ ಸಿಟ್ಟಿನಿಂದ ಹೇಳಿರಲಿಲ್ಲ, ಆದದ್ದನ್ನು ಆದ ಹಾಗೆ ಹೇಳಿದ್ದಳು. "ಹೌದು, ನೋಡಿದೆ," ಎಂದೆ. "ತಪ್ಪು ಮಾಡಿದೆ. ನಾಳೆ ಬಾ." ವಿದ್ಯಾರ್ಥಿನಿಯೊಬ್ಬಳ ಮುಂದೆ ನಾನು ಹಾಗೆ ಅಂದದ್ದು ಅದೊಂದೇ ಸಲ.

ಮರುದಿನ ಅವಳು ಬಂದಳು. ಎಲ್ಲ ಕೈಚೀಲಗಳನ್ನೂ ಒಂದು ಗುಡ್ಡೆ ಹಾಕಿಸಿದೆ. ಇನ್ನು ಮೇಲೆ ಯಾರಿಗೂ ಸ್ವಂತದ್ದು ಇಲ್ಲ, ಸಾಲಾಗಿ ಬಂದು ಮೇಲಿರುವುದನ್ನು ಎತ್ತಿಕೊಳ್ಳಬೇಕು, ವಾರಕ್ಕೊಮ್ಮೆ ಜಾಗವೂ ಬದಲು ಎಂದೆ. ಮಾದೇವಿಯ ಸರದಿಗೆ ಹೊಲಿಗೆ ಬಿಟ್ಟದ್ದೇ ಬಂತು.

"ನಾ ಒಲ್ಲೆ," ಅಂದಳು.

"ಹಾಗಾದ್ರೆ ಹೋಗಿ ಬೇವಿನ ಮರದ ಕೆಳಗೆ ಕೂತ್ಕೋ."

"ನಾ ಇಲ್ದ ಆಟ ಹ್ಯಾಂಗ ಆಡಿಸ್ತೀರಿ?"

"ಸೋಲ್ತೀವಿ. ಕೂತ್ಕೋ ಹೋಗು."

ಕೂತಳು. ಮರುದಿನವೂ ಬಂದಳು, ಗುಡ್ಡೆಯ ಕಡೆ ನೋಡಲೂ ಇಲ್ಲ, ನೇರ ಹೋಗಿ ಮರದ ಕೆಳಗೆ ಕೂತಳು. ಮನೆಯಲ್ಲೇ ಉಳಿಯಬಹುದಿತ್ತು. ಉಳಿಯಲಿಲ್ಲ. ದಿನವೂ ಬಂದು ಕೂತಳು.

ಎರಡನೆಯ ಸಂಜೆ ನಡುಬಾಗಿಲು ತೆರೆಯಿತು. ಪಾರ್ವತವ್ವನ ಕೈಯಲ್ಲಿ ತಟ್ಟೆ ಇರಲಿಲ್ಲ.

"ನಮ್ಮ ಹುಡುಗಿನ್ನ ಎಲ್ಲಾರ ಮುಂದ ಕುಂದ್ರಿಸೀರಂತ," ಅಂದರು.

"ಹೌದು. ಅವಳು ಕಾಶವ್ವನ ಜೊತೆ ನಡ್ಕೊಂಡಿದ್ದು ಸರಿ ಇರ್ಲಿಲ್ಲ ಅಕ್ಕ."

"ಯಲ್ಲವ್ವನ ಮಗಳು. ನಾ ಏನ್ ಆಕಿನ್ನ ಉಪಾಸ ಇಟ್ಟೇನ್ರಿ? ನಾನ ಉಡಾಕ ಅರಿವಿ ಕೊಡ್ತೇನಿ, ನಾನ ಉಣ್ಣಾಕ ಕೊಡ್ತೇನಿ." ಒಳಗೆ ಹೋಗಲು ಬಾಗಿಲಿಗೆ ಕೈ ಹಾಕಿ ಅಂದರು: "ನಿಮ್ಮನ್ನೂ ನಾ ಹೊರಗಿನಾಕಿ ಅಂತ ತಿಳೀಲಿಲ್ಲ. ನಮ್ಮ ತಂಗಿ ಅಂತ ತಿಳಿದಿದ್ದೆ."

ನಾನು ಏನಾದರೂ ಹೇಳಬೇಕಿತ್ತು. ನಾನೂ ನಿಮ್ಮನ್ನು ಹಾಗೇ ತಿಳಿದಿದ್ದೇನೆ ಎಂದಿದ್ದರೆ ಅವರು ಅಳುತ್ತಿದ್ದರೇನೋ, ನಾನೂ ಅಳುತ್ತಿದ್ದೆ, ಮರುದಿನ ಮಾದೇವಿಯನ್ನು ಕರೆದು ಆಡಿಸಿಬಿಡುತ್ತಿದ್ದೆ. ಹಾಗಾಗಿ ಬಾಯಿ ಬಿಡಲಿಲ್ಲ. ಅವರು ಒಳಗೆ ಹೋದರು. ಆ ಕಡೆಯಿಂದ ಅಗಳಿ ಹಾಕಿದ ಸದ್ದು ಕೇಳಿತು. ಕೋಣೆ ಬಿಡಿ ಎಂದು ಅವರು ಎಂದೂ ಹೇಳಲಿಲ್ಲ. ಬಾಗಿಲು ಮಾತ್ರ ತೆರೆಯಲಿಲ್ಲ.

ಸೀಮೆಎಣ್ಣೆ ಸ್ಟೋವಿನ ಮೇಲೆ ಅನ್ನ ಬೇಯಿಸಿಕೊಳ್ಳತೊಡಗಿದೆ. ಒಂದು ಪಾವಕ್ಕಿ ಎರಡು ಹೊತ್ತಿಗೂ ಉಳಿದು ಮರುದಿನಕ್ಕೂ ಆಗುತ್ತಿತ್ತು. ಭಾನುವಾರಗಳು ಮುಗಿಯುತ್ತಲೇ ಇರಲಿಲ್ಲ. ಬೆಳಿಗ್ಗೆ ಬಟ್ಟೆ ಒಗೆದು, ಒಣಗಿದ್ದನ್ನು ಮಡಿಚಿ, ಮಡಿಚಿದ್ದನ್ನು ಬಿಚ್ಚಿ ಮತ್ತೆ ಮಡಿಚಿದ ದಿನಗಳಿವೆ. ದೀಪಾವಳಿಗೆ ಊರಿಗೆ ಹೋಗಲಿಲ್ಲ, ಅಣ್ಣ ಕರೆದಿರಲಿಲ್ಲ. ಗೋಡೆಯಾಚೆ ಹೋಳಿಗೆಯ ವಾಸನೆ, ಬಳೆಗಳ ಸದ್ದು, ಬಂದವರನ್ನು ಪಾರ್ವತವ್ವ ಕರೆಕರೆದು ಕೂರಿಸುತ್ತಿದ್ದ ದನಿ. ನಾನು ಆ ಬಾಗಿಲಿಗೆ ಬೆನ್ನು ಮಾಡಿ ಕೂತು ವರ್ಗಾವಣೆಗೆ ಅರ್ಜಿ ಬರೆದೆ. ಯಾವ ಊರಾದರೂ ಸರಿ, ಮೈಸೂರು ಕಡೆ ಆದರೆ ಸಾಕು ಎಂದು ಬರೆದೆ.

ಮೈದಾನದಲ್ಲಿ ನಮ್ಮ ಆಟ ನೋಡುವ ಹಾಗಿರಲಿಲ್ಲ. ಮಾದೇವಿಯ ಬದಲು ಎಸೆಯುತ್ತಿದ್ದ ಹುಡುಗಿಯ ಚೆಂಡು ಒಮ್ಮೆ ಎಡಕ್ಕೆ, ಒಮ್ಮೆ ಆಕಾಶಕ್ಕೆ. ಆದರೆ ನಗುವುದು ನಿಂತಿತ್ತು. ನಗಿಸುವವಳು ಮರದ ಕೆಳಗಿದ್ದಳು. ಚೆಂಡು ತಪ್ಪಿದರೆ ಪಕ್ಕದವಳು ಓಡಿ ತರುತ್ತಿದ್ದಳು. ಕಾಶವ್ವ ಕೂಗಲು ಕಲಿತಳು: "ಇತ್ತ, ಇತ್ತ ಒಗಿ." ಆ ಸಣ್ಣ ಮೈಯಲ್ಲಿ ಅಷ್ಟು ದೊಡ್ಡ ದನಿ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ.

ದೀಪಾವಳಿ ರಜೆ ಮುಗಿದು ಹತ್ತು ದಿನವಾಗಿತ್ತು. ಚಳಿ ಶುರುವಾಗಿತ್ತು. ಎಸೆಯುವ ಹುಡುಗಿ ಸಾಲಾಗಿ ಐದು ಚೆಂಡು ಹಾಳು ಮಾಡಿ ಅಳುವ ಹಾಗಾದಳು. ಮಾದೇವಿ ಮರದ ಕೆಳಗಿಂದ ಎದ್ದಳು. ಲಂಗಕ್ಕೆ ಹತ್ತಿದ ಮಣ್ಣು ಕೊಡವಿಕೊಂಡು ಬಂದು, ಗುಡ್ಡೆಯಲ್ಲಿ ಉಳಿದಿದ್ದ ಒಂದೇ ಒಂದು ಕೈಚೀಲ ಎತ್ತಿಕೊಂಡಳು. ಕ್ಷಮೆ ಕೇಳಲಿಲ್ಲ. ನಾನೂ ಕೇಳಿಸಲಿಲ್ಲ.

"ಎಲ್ಲಿ ನಿಲ್ಲಲ್ರಿ?" ಎಂದಳು.

"ಮೊದಲ ಬೇಸಿನಲ್ಲಿ," ಎಂದೆ. "ಇವತ್ತಿಂದ ಒಂದು ವಾರ ಕಾಶವ್ವ ಎಸೀತಾಳೆ. ನೀನು ಹಿಡಿ."

ಕಾಶವ್ವನ ಎಸೆತಕ್ಕೆ ಬಲವಿರಲಿಲ್ಲ. ಚೆಂಡು ಮೂರು ಪುಟ ನೆಗೆದು ಮಾದೇವಿಯ ಕಾಲ ಬಳಿ ಉರುಳುತ್ತಿತ್ತು. ಮಾದೇವಿ ಎರಡು ದಿನ ತುಟಿ ಬಿಗಿದು ಹೆಕ್ಕಿದಳು. ಮೂರನೆಯ ದಿನ ತಡೆಯಲಾರದೆ ನಡೆದು ಹೋಗಿ ಕಾಶವ್ವನ ಮೊಣಕೈ ಹಿಡಿದಳು. "ಮುಂಗೈಲೆ ಅಲ್ಲ. ಭುಜದಿಂದ ಬೀಸ. ಹಿಂಗ." ಕಾಶವ್ವ ಬೀಸಿದಳು. "ಇನ್ನೊಮ್ಮೆ," ಅಂದಳು ಮಾದೇವಿ. ಅವತ್ತು ಶಾಲೆಯ ಗಂಟೆ ಹೊಡೆದ ಮೇಲೂ ಇಬ್ಬರೂ ನಿಲ್ಲಿಸಲಿಲ್ಲ. ನಾನು ಇಬ್ಬರನ್ನೂ ಗದರಿ ತರಗತಿಗೆ ಅಟ್ಟಬೇಕಾಯಿತು.

ಅವರು ಗೆಳತಿಯರಾದರು ಎಂದು ಹೇಳಲಾರೆ. ಮೈದಾನದ ಗೇಟು ದಾಟಿದರೆ ಒಬ್ಬರಿಗೊಬ್ಬರು ಮಾತಿಲ್ಲ. ಸಂಜೆ ಅದೇ ಪಡಸಾಲೆಯಲ್ಲಿ ಒಬ್ಬಳು ಕೂತು ಕಂಡಿಕೆ ಸುತ್ತುತ್ತಿದ್ದಳು, ಇನ್ನೊಬ್ಬಳು ಹಾದುಹೋಗುತ್ತಿದ್ದಳು. ಗೆರೆಯೊಳಗೆ ಮಾತ್ರ ಒಬ್ಬಳು "ಕಾಶಿ" ಎಂದು ಕೂಗುವಳು, ಇನ್ನೊಬ್ಬಳು "ಒಗಿ" ಎನ್ನುವಳು.

ಜನವರಿಯಲ್ಲಿ ಬಾದಾಮಿಗೆ ಹೋದೆವು. ಕೆಂಪು ಬಂಡೆಗಳ ಬುಡದಲ್ಲಿ ಒಂದು ಮೈದಾನ, ಬೇಲಿಯ ಮೇಲೆ ಮಂಗಗಳ ಸಾಲು. ಪಂದ್ಯಕ್ಕೆಂದು ಎಲ್ಲರನ್ನೂ ಅವರವರ ಮೊದಲ ಜಾಗದಲ್ಲೇ ನಿಲ್ಲಿಸಿದ್ದೆ. ಆಟದ ಕೊನೆಗೆ ನಾವು ಒಂದೇ ಓಟ ಮುಂದಿದ್ದೆವು. ಅವರ ಕಡೆಯ ಒಬ್ಬಳು ಮೂರನೆಯ ಬೇಸಿನಲ್ಲಿ ಓಡಲು ಕಾದಿದ್ದಳು. ಅವರಲ್ಲಿ ಇನ್ನು ಯಾರಾದರೂ ಒಬ್ಬಳು ಔಟಾದರೆ ಆಟ ನಮ್ಮದು. ಮಾದೇವಿ ಎಸೆದಳು, ಬಾದಾಮಿಯ ಹುಡುಗಿ ಬೀಸಿ ಹೊಡೆದಳು, ಚೆಂಡು ನೆಲಕ್ಕೆ ಬಡಿದು ಮತ್ತೆ ಮಾದೇವಿಯ ಕೈಗೇ ಬಂತು. ಮೂರನೆಯ ಬೇಸಿನವಳು ಅವಳ ಕಣ್ಣೆದುರೇ ಓಡತೊಡಗಿದಳು. ಹಳೆಯ ಮಾದೇವಿಯಾಗಿದ್ದರೆ ಚೆಂಡು ಹಿಡಿದು ಅವಳ ಹಿಂದೆಯೇ ಓಡಿರುತ್ತಿದ್ದಳು. ಮಾದೇವಿ ತಿರುಗಿದಳು, ಸರಿಯಾಗಿ ನೋಡಿದಳೋ ಇಲ್ಲವೋ, ಮೊದಲ ಬೇಸಿಗೆ ಎಸೆದಳು. ಚೆಂಡು ಎತ್ತರಕ್ಕೆ ಹೋಯಿತು. ಕಾಶವ್ವ ಒಂದು ಕಾಲನ್ನು ಬೇಸಿನ ಮೇಲೆ ಒತ್ತಿ ಇಡೀ ಮೈಯನ್ನು ಗಾಳಿಗೆ ಚಾಚಿದಳು. ತೊಗಲಿಗೆ ಚೆಂಡು ಬಡಿದ ಸದ್ದು ಬಂಡೆಗೆ ತಾಗಿ ಮತ್ತೊಮ್ಮೆ ಕೇಳಿತು. ಔಟ್.

ಹುಡುಗಿಯರು ಕಾಶವ್ವನನ್ನು ಎತ್ತಿಕೊಂಡು ಕುಣಿದರು. ಮಾದೇವಿ ದೂರ ನಿಂತು ಕೈಚೀಲದ ಲಾಡಿ ಬಿಚ್ಚುತ್ತಿದ್ದಳು. ಅವಳ ಮುಖದಲ್ಲಿ ನಗು ಬರುತ್ತಿತ್ತು, ಅವಳು ಅದನ್ನು ಬರಗೊಡುತ್ತಿರಲಿಲ್ಲ.

ವಾಪಸಿನ ಬಸ್ಸು ದಾರಿಯಲ್ಲಿ ಚಹಕ್ಕೆ ನಿಂತಿತು. ಎಲ್ಲರೂ ಇಳಿದು ಹಾಡುತ್ತಿದ್ದರು. ಮಾದೇವಿ ಮಾತ್ರ ಮುಂದಿನ ಸೀಟಿನಲ್ಲಿ ಕಂಬಿಗೆ ಕೆನ್ನೆ ಒತ್ತಿ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವಳು ಹೇಳಿದಳು: "ಅವ್ವ ನಿಮಗ ಊಟ ಕೊಡೋದು ಬಿಟ್ಟಾಳ, ನನಗ ಗೊತ್ತೈತ್ರಿ. ನಾ ಹೇಳ್ತೇನ್ರಿ ಆಕಿಗೆ."

"ಬೇಡ," ಎಂದೆ.

"ಯಾಕ್ರಿ?"

ಆ ತಟ್ಟೆಗಾಗಿ ನಾನು ಮೂರು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ ಎಂದು ಹದಿನಾಲ್ಕರ ಹುಡುಗಿಗೆ ಹೇಗೆ ಹೇಳಲಿ. "ನನಗೆ ಅನ್ನವೇ ರೂಢಿ," ಎಂದೆ. ಅವಳು ನನ್ನನ್ನು ನೋಡಿದಳು, ನಂಬಲಿಲ್ಲ, ಮತ್ತೆ ಕೇಳಲೂ ಇಲ್ಲ.

ಮುಂದೆ ವಿಜಾಪುರದಲ್ಲಿ ದೊಡ್ಡ ತಂಡಗಳೆದುರು ಸೋತೆವು. ಅದು ನೆನಪಿಡುವಂಥ ಸೋಲೇನಲ್ಲ. ಯಾರೂ ಯಾರನ್ನೂ ದೂರದೆ ಬುತ್ತಿ ಬಿಚ್ಚಿ ಉಂಡರು. ಮಾರ್ಚಿನಲ್ಲಿ ಬಿಸಿಲು ಏರಿತು, ಪರೀಕ್ಷೆಗಳು ಬಂದವು, ಮುಗಿದವು. ಹೊಲಿಗೆ ಪೂರ್ತಿ ಬಿಟ್ಟ ಒಂದು ಚೆಂಡನ್ನು ಹುಡುಗಿಯರು ಕೇಳಿದರು, ಕೊಟ್ಟೆ. ಉಳಿದುದನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದೆ. ಏಪ್ರಿಲ್ ಎರಡನೆಯ ವಾರ ಅಂಚೆಯವನ ಸೈಕಲ್ಲು ನನ್ನ ಬಾಗಿಲಲ್ಲಿ ನಿಂತಿತು. ಅಣ್ಣನ ಕಾಗದವಲ್ಲ, ವರ್ಗಾವಣೆಯ ಆದೇಶ. ಅದನ್ನು ಕೇಳಿಕೊಂಡವಳು ನಾನೇ. ಕೈಯಲ್ಲಿ ಹಿಡಿದು, ಹಿಂದಕ್ಕೆ ಕೊಡಬಹುದೇ ಎಂದು ಯೋಚಿಸಿದವಳೂ ನಾನೇ.

ಹೊರಡುವ ದಿನ ಬೆಳಿಗ್ಗೆ ಬೀಗದ ಕೈ ಕೊಡಲು ಮುಂಬಾಗಿಲಿಗೆ ಹೋದೆ. ಪಾರ್ವತವ್ವ ತೆಗೆದುಕೊಂಡರು. "ಆರಾಮ ಹೋಗಿ ಬರ್ರಿ," ಅಂದರು. ಕಣ್ಣು ನನ್ನ ಮೇಲಿರಲಿಲ್ಲ. ಮಾದೇವಿ ಎಲ್ಲಿ ಎಂದು ಕೇಳಿದೆ. ಎದ್ದ ಕೂಡಲೇ ಎಲ್ಲಿಗೋ ಹೋದಳು ಎಂದರು. ಕಾಶವ್ವ ಇನ್ನೂ ಕೆಲಸಕ್ಕೆ ಬಂದಿಲ್ಲವೆಂದು ಒಳಗಿನಿಂದ ಯಲ್ಲವ್ವ ಗೊಣಗುವುದು ಕೇಳಿತು.

ಟ್ರಂಕು ಹೊರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲೇ ಶಾಲೆ. ರಜೆ, ಗೇಟು ಮುಚ್ಚಿತ್ತು. ಕಾಂಪೌಂಡಿನ ಆಚೆಯಿಂದ ಒಂದು ಸದ್ದು ಬರುತ್ತಿತ್ತು. ಗೋಡೆ ಕುಸಿದಿದ್ದ ಕಡೆ ನಿಂತು ನೋಡಿದೆ. ಇಡೀ ಮೈದಾನದಲ್ಲಿ ಅವರಿಬ್ಬರೇ. ಬರಿಗೈಯಲ್ಲಿ ಆ ಹಳೆಯ ಚೆಂಡನ್ನು ಒಬ್ಬಳು ಎಸೆಯುತ್ತಿದ್ದಳು, ಇನ್ನೊಬ್ಬಳು ಹಿಡಿದು ವಾಪಸು ಎಸೆಯುತ್ತಿದ್ದಳು. ಪ್ರತಿ ಸಲ ಹಿಡಿದಾಗಲೂ ಒಂದು ಹೆಜ್ಜೆ ಹಿಂದೆ ಸರಿದು ದೂರ ಹೆಚ್ಚಿಸಿಕೊಳ್ಳುತ್ತಿದ್ದರು. ಮಾತಿಲ್ಲ. ನಾನು ಕರೆದಿದ್ದರೆ ಓಡಿ ಬರುತ್ತಿದ್ದರು. ಕರೆಯಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಕಾಶವ್ವನ ಎಸೆತ ಎತ್ತರಕ್ಕೆ ಹೋಗಿ ಮಾದೇವಿ ಹಿಂದಕ್ಕೆ ಓಡುತ್ತ ಹಿಡಿದಳು. ನಾನು ಸುಮ್ಮನಾದೆ.

ಬಸ್ಸು ಹೊರಟಾಗ ನನ್ನನ್ನು ಕಳಿಸಲು ಯಾರೂ ಬಂದಿರಲಿಲ್ಲ. ಬರಬೇಕಾದವರಿಬ್ಬರೂ ಆಟದಲ್ಲಿದ್ದರು.